ಇರುಳಿನ ವೇದನೆ ಮತ್ತು ಶ್ರಾವಕನ ಸಮತೆ

ಮಾರ್ಗಶಿರ ಕಳೆದು ಪುಷ್ಯಮಾಸ ಕಾಲಿಡುತ್ತಿದ್ದಂತೆ ಕೃಷ್ಣಾತೀರದ ನಮ್ಮ ಶಿರಗುಪ್ಪಿಯಲ್ಲಿ ಥಂಡಿ ಬಲವಾಗುತ್ತದೆ. ಊರಿನ ಸುತ್ತಲೂ ನೀರುಂಡ ಕಬ್ಬಿನ ಹೊಲಗಳಿರುವುದರಿಂದ ಇಲ್ಲಿಯ ಚಳಿಯಲ್ಲಿ ತೇವವೂ ಸೇರಿರುತ್ತದೆ. ಹಗಲು ಬಿಸಿಲು ಬಿದ್ದಾಗ ಅದರ ಅರಿವಾಗುವುದಿಲ್ಲ. ನಡುವಿರುಳಿನಲ್ಲಿ ಕೌದಿಯ ಅಂಚು ಸರಿದು ಪಾದಕ್ಕೆ ಗಾಳಿ ತಗುಲಿದಾಗ ಅರಿವಾಗುತ್ತದೆ. ಕಳೆದ ಕೆಲವು ವರ್ಷಗಳಿಂದ ಈ ಋತುವು ನನಗೆ ಕಾಲುನೋವಿನ ಋತುವಾಗಿದೆ. ಅದನ್ನು ಕುರಿತು ಧಾರ್ಮಿಕ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಬಹಳ ದಿನ ಯೋಚಿಸಿದೆ. ಕಾಲಿನ ನೋವು ವೈದ್ಯರ ವಿಷಯವೇ ಹೊರತು ಧರ್ಮದ ವಿಷಯವಲ್ಲ ಎಂದು ಓದುಗರು ಹೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳುವಳಿಕೆ ಎಲ್ಲಿ ತಪ್ಪಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನನಗೆ ಈಗ ಅರವತ್ತಾರು ವರ್ಷ. ಬಿ.ಕಾಂ. ಮುಗಿಸಿ ತಂದೆಯವರ ಕಿರಾಣಿ ಮತ್ತು ಧಾನ್ಯದ ಅಂಗಡಿಯ ಗಾದಿಯ ಮೇಲೆ ಕುಳಿತು ನಾಲ್ಕು ದಶಕಗಳು ಮೀರಿದವು. ಈ ವೃತ್ತಿಯಲ್ಲಿ ಕುಳಿತರೆ ತಾಸುಗಟ್ಟಲೆ ಕುಳಿತಿರಬೇಕು, ನಿಂತರೆ ತಾಸುಗಟ್ಟಲೆ ನಿಂತಿರಬೇಕು. ಕಾಲಿಗೆ ಸಹಜವಾದ ನಡಿಗೆ ಬಹಳ ಕಡಿಮೆ. ರಾತ್ರಿ ಮಲಗಿ ಎರಡು-ಮೂರು ತಾಸು ಕಳೆಯುವಷ್ಟರಲ್ಲಿ ಎಡಗಾಲಿನ ಮೀನಖಂಡವು ತಾನಾಗಿ ಬಿಗಿಯತೊಡಗುವುದು. ಕ್ಷಣಾರ್ಧದಲ್ಲಿ ಅದು ಕಲ್ಲಿನಂತೆ ಗಂಟಾಗಿ, ಪಾದದ ಬೆರಳುಗಳು ಕೆಳಕ್ಕೆ ಬಾಗಿ, ಉಸಿರು ಕಟ್ಟುವಂತಾಗುವುದು. ಎರಡು-ಮೂರು ನಿಮಿಷಗಳಲ್ಲಿ ಸೆಳೆತ ಬಿಟ್ಟರೂ ಅದರ ಹಿಂದೆ ಉಳಿಯುವ ನೋವು ಬೆಳಗಿನವರೆಗೆ ಇರುವುದು. ಕೆಲವು ರಾತ್ರಿ ಒಮ್ಮೆ, ಕೆಲವು ರಾತ್ರಿ ಮೂರು ಸಲ. ಇದರೊಂದಿಗೆ ಎರಡೂ ಪಾದಗಳಲ್ಲಿ ಇರುವೆ ಹರಿದಂಥ ಜುಮುಗುಡುವಿಕೆಯೂ ಸೇರಿಕೊಂಡಿತು.

ನಮ್ಮ ಈ ಭಾಗದ ಶ್ರಾವಕರಿಗೆ ಒಂದು ವಿಶೇಷ ಭಾಗ್ಯವಿದೆ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ನಮ್ಮ ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಮನೆತನದವರು. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ಸಮಾಧಿಯನ್ನು ಸಾಧಿಸಿದ ಬಗೆಯನ್ನು ನಮ್ಮ ಹಿರಿಯರು ಕಣ್ಣೀರಿಟ್ಟು ಹೇಳುತ್ತಿದ್ದರು. ಆಚಾರ್ಯ ವಿದ್ಯಾನಂದ ಮಹಾರಾಜರು 1925ರಲ್ಲಿ ಜನಿಸಿದ ಶೇಡಬಾಳ ನಮ್ಮ ನೆರೆಯ ಊರು. 1946ರಲ್ಲಿ ಜನಿಸಿ 2024ರಲ್ಲಿ ಡೋಂಗರಗಡದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರ ಮಹಾರಾಜರ ಸದಲಗಾ ಕೂಡ ದೂರವೇನಿಲ್ಲ. ಇಂಥ ನೆಲದಲ್ಲಿ ಹುಟ್ಟಿದ ನಮಗೆ ತಪಸ್ಸಿನ ಮಾತು ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ದಿಗಂಬರ ಮುನಿಗಳು ಪುಷ್ಯಮಾಸದಲ್ಲೂ ಹೊದಿಕೆಯಿಲ್ಲದೆ ಹಲಗೆಯ ಮೇಲೋ ನೆಲದ ಮೇಲೋ ಇರುಳು ಕಳೆಯುವುದನ್ನು ಬಸದಿಯಲ್ಲಿ ಕಣ್ಣಾರೆ ಕಂಡವನಿಗೆ, ತನ್ನ ಕಾಲುನೋವಿಗೂ ಅಂಥದೇ ಒಂದು ಹೆಸರನ್ನಿಡುವ ಆಸೆಯಾಗುವುದು ಅಸಹಜವಲ್ಲ.

ನಾನು ಹೆಸರನ್ನಿಟ್ಟೆ. ಬಸದಿಯಲ್ಲಿ ಮುಂಜಾನೆ ಸಿಕ್ಕ ಗೆಳೆಯರು, ಮುಖ ಬಾಡಿದೆಯಲ್ಲ, ನಿದ್ರೆಯಾಗಲಿಲ್ಲವೇ ಎಂದು ಕೇಳಿದರೆ, "ಶೀತ ಪರೀಷಹ, ರೋಗ ಪರೀಷಹ ಎರಡೂ ಒಟ್ಟಿಗೆ ಬಂದಿವೆ, ಅಸಾತಾ ವೇದನೀಯದ ಉದಯ, ಸಹಿಸುತ್ತಿದ್ದೇನೆ" ಎನ್ನುತ್ತಿದ್ದೆ. ಅವರು ತಲೆದೂಗುತ್ತಿದ್ದರು. ವೈದ್ಯರ ಬಳಿಗೆ ಹೋಗಲಿಲ್ಲ. ಮಗ ಎರಡು ಸಲ ಒತ್ತಾಯಿಸಿದಾಗ, ಕರ್ಮದ ಸಾಲ ತೀರಿಸುವಾಗ ಗುಳಿಗೆಯ ಮಾತು ಬೇಡವೆಂದು ಹೇಳಿ ಕಳುಹಿಸಿದೆ.

ಆದರೆ ಮನೆಯೊಳಗೆ ನಡೆಯುತ್ತಿದ್ದುದೇ ಬೇರೆ. ಸೆಳೆತ ಬಂದೊಡನೆ ನಾನು ಚೀರುತ್ತಿದ್ದೆ. ಹೆಂಡತಿಯನ್ನು ಎಬ್ಬಿಸುತ್ತಿದ್ದೆ. ಅವಳು ಕೊಬ್ಬರಿ ಎಣ್ಣೆ ಕಾಯಿಸಿ ತಂದು ತಿಕ್ಕುವವರೆಗೆ ಬಿಡುತ್ತಿರಲಿಲ್ಲ. ತುಸು ತಡವಾದರೆ ಗದರುತ್ತಿದ್ದೆ. ಆ ಸಿಡುಕು ಬೆಳಗಾದ ಮೇಲೂ ನನ್ನೊಡನೆ ಅಂಗಡಿಗೆ ಬರುತ್ತಿತ್ತು. ತೂಕದಲ್ಲಿ ಒಂದು ಚೀಲ ಆಚೀಚೆಯಾದರೆ ಹಮಾಲನ ಮೇಲೆ, ವಹಿಯಲ್ಲಿ ಒಂದು ಬಾಕಿ ತಪ್ಪಿದರೆ ಲೆಕ್ಕ ಬರೆಯುವ ಹುಡುಗನ ಮೇಲೆ ಅದು ಬೀಳುತ್ತಿತ್ತು. ಬಸದಿಯಲ್ಲಿ ಪರೀಷಹವೆಂದು ಕರೆಸಿಕೊಂಡದ್ದು ಮನೆಯಲ್ಲಿ ಮತ್ತು ಅಂಗಡಿಯಲ್ಲಿ ಶುದ್ಧ ಕ್ರೋಧವಾಗಿತ್ತು.

ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಎಂದಿನಂತೆ ಕರೆದೆ. ಅವಳು ಎದ್ದಳು, ಆದರೆ ಬರಲಿಲ್ಲ. ತಡವೇಕೆ ಎಂದು ಕೂಗಿದೆ. ದೀಪ ಹಾಕಿ ನೋಡಿದರೆ ಗೋಡೆಯನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟೇ:

"ನನಗೂ ಕಾಲ ಅದಾವ್ರಿ. ಎರಡ ವರ್ಷ ಆತು ಮಣಕಾಲ ನೋಯಾಕ ಹತ್ತಿ. ನಿಮ್ಮ ಕಾಲಿನ ಮಾತ ಮುಗದ ಮ್ಯಾಲ ಹೇಳೂಣಂತ ಇದ್ದೆ."

ಅದರಲ್ಲಿ ಕೋಪವಿರಲಿಲ್ಲ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಕೂರಲು ಮಣಕಾಲು ಮಡಚಲಾರದೆ, ಮಂಚದ ಅಂಚಿನ ಮೇಲೆ ಕುಳಿತು ನನ್ನ ಕಾಲನ್ನು ತಿಕ್ಕತೊಡಗಿದಳು. ನಾನು ಕಾಲನ್ನು ಎಳೆದುಕೊಂಡೆ. ಆ ರಾತ್ರಿ ಉಳಿದ ಹೊತ್ತು ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಮೀನಖಂಡವಾಗಿರಲಿಲ್ಲ.

ಬೆಳಗಾದ ಮೇಲೆ ಸ್ವಾಧ್ಯಾಯಕ್ಕೆ ಕುಳಿತು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ತೆರೆದೆ. ವರ್ಷಗಳಿಂದ ಪಾರಾಯಣ ಮಾಡಿದ ಗ್ರಂಥವೇ. ಇಪ್ಪತ್ತೆರಡು ಪರೀಷಹಗಳನ್ನು ಹೇಳುವ ಮೊದಲು ಉಮಾಸ್ವಾಮಿ ಆಚಾರ್ಯರು ಅವುಗಳನ್ನು ಏಕೆ ಸಹಿಸಬೇಕೆಂದು ಹೇಳಿದ್ದಾರೆ: ಮಾರ್ಗದಿಂದ ಜಾರದಿರಲು ಮತ್ತು ಕರ್ಮದ ನಿರ್ಜರೆಗಾಗಿ. ಸಹಿಸುವಿಕೆಯ ಫಲವು ಮಾರ್ಗದಲ್ಲಿ ನಿಲ್ಲುವುದು. ನೋವನ್ನು ಸಹಿಸುತ್ತೇನೆಂದು ಹೇಳುತ್ತ ಮಾರ್ಗದಿಂದ ಪ್ರತಿದಿನ ಜಾರುತ್ತಿದ್ದ ನನ್ನದು ಆ ಸೂತ್ರದ ವ್ಯಾಪ್ತಿಗೆ ಬರುವುದೇ ಇಲ್ಲ.

ಅದೇ ಅಧ್ಯಾಯದಲ್ಲಿ ಮುಂದೆ ಧ್ಯಾನದ ಪ್ರಕರಣ ಬರುತ್ತದೆ. ಆರ್ತಧ್ಯಾನವು ನಾಲ್ಕು ಬಗೆ: ಅನಿಷ್ಟ ವಸ್ತುವಿನ ಸಂಯೋಗದಿಂದ ಹುಟ್ಟುವುದು, ಇಷ್ಟ ವಸ್ತುವಿನ ವಿಯೋಗದಿಂದ ಹುಟ್ಟುವುದು, ವೇದನೆಯಿಂದ ಹುಟ್ಟುವುದು ಮತ್ತು ಭೋಗಾಕಾಂಕ್ಷೆಯ ನಿದಾನದಿಂದ ಹುಟ್ಟುವುದು. ಈ ನಾಲ್ಕರಲ್ಲಿ ವೇದನೆಗೆ ಪ್ರತ್ಯೇಕ ಸ್ಥಾನವಿದೆ ಎಂಬುದನ್ನು ಬಾಯಿಪಾಠವಾಗಿ ಬಲ್ಲೆ. ಅದು ನನ್ನ ಹಾಸಿಗೆಯನ್ನು ಕುರಿತದ್ದೆಂದು ಮಾತ್ರ ತೋಚಿರಲಿಲ್ಲ. ನೋವು ಬಂದಾಗ ನೋವು, ನೋವಿಲ್ಲದಾಗ ಅದು ಮತ್ತೆ ಬಂದೀತೆಂಬ ಚಿಂತೆ, ಸಂಜೆಯಾದೊಡನೆ ರಾತ್ರಿಯ ಭಯ, ಬೆಳಗಾದೊಡನೆ ರಾತ್ರಿಯ ವರದಿ: ಹೀಗೆ ಇಪ್ಪತ್ತನಾಲ್ಕು ತಾಸೂ ಮನಸ್ಸು ಮೀನಖಂಡವನ್ನೇ ಧ್ಯಾನಿಸುತ್ತಿತ್ತು. ಈ ಧ್ಯಾನವು ವ್ರತಿಕ ಶ್ರಾವಕನಿಗೂ, ಪ್ರಮತ್ತ ಸಂಯತರವರೆಗೂ ಸಂಭವಿಸಬಹುದೆಂದು ಆಚಾರ್ಯರು ಹೇಳಿದ್ದಾರೆ. ಆದ್ದರಿಂದ ಅದು ಬಂದುದಕ್ಕೆ ನಾಚಬೇಕಿಲ್ಲ. ಬಂದುದನ್ನು ತಪಸ್ಸೆಂದು ಕರೆದುದಕ್ಕೆ ನಾಚಬೇಕು.

ಅಲ್ಲಿಂದ ಹಿಂದಕ್ಕೆ ಹೋಗಿ ಆರನೆಯ ಅಧ್ಯಾಯವನ್ನು ನೋಡಿದೆ. ಅಸಾತಾ ವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವ ಸೂತ್ರದಲ್ಲಿ ದುಃಖ, ಶೋಕ, ತಾಪ, ಆಕ್ರಂದನ, ವಧೆ ಮತ್ತು ಪರಿದೇವನಗಳನ್ನು ಎಣಿಸಿ, ಅವು ತನ್ನಲ್ಲಿದ್ದರೂ, ಪರರಲ್ಲಿದ್ದರೂ, ಉಭಯರಲ್ಲಿದ್ದರೂ ಸಮಾನವಾಗಿ ಕಾರಣವೆಂದು ಹೇಳಿದೆ. ಆಕ್ರಂದನವೆಂದರೆ ಕಣ್ಣೀರಿಟ್ಟು ಕೂಗುವುದು. ಪರಿದೇವನವೆಂದರೆ ಕೇಳಿದವರಿಗೆ ಕರುಣೆ ಹುಟ್ಟುವಂತೆ ಗೋಳಾಡುವುದು. ನಾನು ಬಸದಿಯ ಕಟ್ಟೆಯ ಮೇಲೆ ಮಾಡುತ್ತಿದ್ದುದು ಇದೇ ಅಲ್ಲವೇ? ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಸಾಲಕ್ಕೆ ಜಮಾ ಬರೆಯುತ್ತಿದ್ದೇನೆಂದು ತಿಳಿದು ಪ್ರತಿ ರಾತ್ರಿ ಹೊಸ ಸಾಲವನ್ನು ಎತ್ತುತ್ತಿದ್ದೆ. ಅದರಲ್ಲಿ ನನ್ನ ಹೆಸರಿನ ಖಾತೆಯ ಜೊತೆಗೆ ಹೆಂಡತಿಯ ಹೆಸರಿನಲ್ಲಿಯೂ ಒಂದು ಖಾತೆ ಇತ್ತು. ಅದನ್ನು ನಾನು ತೆರೆದು ನೋಡಿರಲೇ ಇಲ್ಲ.

ಇನ್ನು ಚಿಕಿತ್ಸೆಯ ಮಾತು. ಕರ್ಮೋದಯವಿರುವಾಗ ಔಷಧಿಯಿಂದೇನು ಪ್ರಯೋಜನವೆಂಬ ವಾದವನ್ನು ನಮ್ಮ ಹಿರಿಯ ಶ್ರಾವಕರಲ್ಲಿ ಹಲವರು ಮಾಡುತ್ತಾರೆ. ಕರ್ಮಸಿದ್ಧಾಂತವು ಈ ವಾದಕ್ಕೆ ಆಧಾರ ಕೊಡುವುದಿಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದೇ ಕರ್ಮವು ಉದಯಕ್ಕೆ ಬಂದು ಫಲ ನೀಡುತ್ತದೆ. ಚಳಿ ಒಂದು ನಿಮಿತ್ತವಾದರೆ ಬೆಚ್ಚನೆಯ ಹೊದಿಕೆಯೂ ನಿಮಿತ್ತವೇ. ಅಸಾತೆಯು ಸಾತೆಯಾಗಿ ಸಂಕ್ರಮಣ ಹೊಂದುವುದೂ ಶಾಸ್ತ್ರಸಮ್ಮತ. ಸಲ್ಲೇಖನೆಯ ಸಂದರ್ಭವನ್ನು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದಿಷ್ಟನ್ನೇ ಹೇಳಿ ಬಿಡುವುದಿಲ್ಲ. ಅವು ಪ್ರತೀಕಾರವಿಲ್ಲದವಾಗಿರಬೇಕು ಎಂಬ ನಿಬಂಧನೆಯನ್ನು ಸೇರಿಸುತ್ತಾರೆ. ಪ್ರತೀಕಾರವುಳ್ಳ ರೋಗಕ್ಕೆ ಪ್ರತೀಕಾರ ಮಾಡಬೇಕೆಂಬುದು ಅದರಿಂದಲೇ ಸ್ಪಷ್ಟ. ಔಷಧದಾನವು ನಾಲ್ಕು ದಾನಗಳಲ್ಲಿ ಒಂದಾಗಿರುವಾಗ, ಅದನ್ನು ಕೊಡುವುದು ಪುಣ್ಯವಾಗಿ ತೆಗೆದುಕೊಳ್ಳುವುದು ಮಾತ್ರ ದೋಷವಾಗುವುದು ಹೇಗೆ?

ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಮೇಲಿನ ಸೂತ್ರದ ವ್ಯಾಖ್ಯಾನದ ಸಂದರ್ಭದಲ್ಲಿಯೇ ಒಂದು ವೈದ್ಯನ ದೃಷ್ಟಾಂತವಿದೆ. ಕರುಣೆಯುಳ್ಳ ವೈದ್ಯನು ಸಂಯಮಿಯೊಬ್ಬರ ಕುರುವನ್ನು ಕೊಯ್ದಾಗ ನೋವಾಗುತ್ತದೆ. ಆದರೆ ಆ ಬಾಹ್ಯ ಕಾರಣಮಾತ್ರದಿಂದ ಅವನಿಗೆ ಪಾಪಬಂಧವಿಲ್ಲ, ಏಕೆಂದರೆ ಅವನ ಪರಿಣಾಮದಲ್ಲಿ ಕ್ರೋಧವಿಲ್ಲ ಎಂದು ಆಚಾರ್ಯರು ತಿಳಿಸುತ್ತಾರೆ. ನಮ್ಮ ಪರಂಪರೆ ವೈದ್ಯವನ್ನು ಎಂದೂ ಹೊರಗಿಡಲಿಲ್ಲ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಪೂರ್ಣವಾದ ಒಂದು ವೈದ್ಯಗ್ರಂಥ. ಔಷಧಿಯಲ್ಲಿ ಮಾಂಸದ ಅಗತ್ಯವಿಲ್ಲವೆಂದು ಅವರು ಅದರಲ್ಲಿ ವಾದಿಸಿದ್ದಾರೆ. ಅದು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಕನ್ನಡದಲ್ಲಿಯೂ 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವಿದೆ. ಇಂಥ ಪೂರ್ವಿಕರ ಹೆಸರು ಹೇಳುವ ನಾವು ದವಾಖಾನೆಯ ಮೆಟ್ಟಿಲು ಹತ್ತಲು ಶಾಸ್ತ್ರವನ್ನು ಅಡ್ಡ ತರುವುದು ತಕ್ಕುದಲ್ಲ.

ಆ ವಾರದಲ್ಲಿಯೇ ನಾವಿಬ್ಬರೂ ಮಿರಜಕ್ಕೆ ಹೋಗಿ ವೈದ್ಯರನ್ನು ಕಂಡೆವು. ಅವರು ಹೇಳಿದ್ದನ್ನು ನನ್ನ ವಯಸ್ಸಿನ ಓದುಗರಿಗೆ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರಾತ್ರಿಯ ಕಾಲುನೋವೆಲ್ಲ ಒಂದೇ ಅಲ್ಲ. ನನ್ನಂತೆ ಸ್ನಾಯು ಗಂಟಾಗುವ ಸೆಳೆತವು ಮುಪ್ಪಿನಲ್ಲಿ ಬಹಳ ಜನರಿಗೆ ಬರುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ನಡೆದಾಗ ಮೀನಖಂಡ ನೋಯುವುದು, ನಿಂತರೆ ಇಳಿಯುವುದು, ರಾತ್ರಿ ಪಾದ ನೋಯುವಾಗ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಗುರವಾಗುವುದು, ಇವು ರಕ್ತನಾಳ ಕಿರಿದಾಗಿರುವುದರ ಸೂಚನೆಯಾಗಿರಬಹುದು. ತಂಬಾಕಿನವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿ ನಮ್ಮ ಸೀಮೆಯಲ್ಲಿಯೇ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ಬಿಸಿಯಾಗಿ ನೋಯತೊಡಗಿದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಒಂದು ದಿನವೂ ತಡಮಾಡಬಾರದು. ಉರಿ, ಜುಮುಗುಡುವಿಕೆ, ಮರಗಟ್ಟುವಿಕೆ ಇದ್ದರೆ ನರಗಳ ತೊಂದರೆ. ಸಕ್ಕರೆ ಮತ್ತು ಬಿ-12 ಜೀವಸತ್ವವನ್ನು ಪರೀಕ್ಷಿಸಬೇಕು. ನೋವಿಗಿಂತ ಹೆಚ್ಚಾಗಿ ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ಚಡಪಡಿಕೆ ಇದ್ದರೆ ಅದು ಇನ್ನೊಂದು ಬಗೆ. ಅದರಲ್ಲಿ ಕಬ್ಬಿಣದ ಕೊರತೆಯಿದೆಯೇ ಎಂದು ನೋಡುತ್ತಾರೆ.

ವೈದ್ಯರು ನನ್ನ ಪಾದದ ಮೇಲಿನ ನಾಡಿಯನ್ನು ಮುಟ್ಟಿ ನೋಡಿದರು. ಅದು ಸರಿಯಾಗಿತ್ತು, ಸಕ್ಕರೆಯೂ ಇರಲಿಲ್ಲ. ಬಿ-12 ಕಡಿಮೆಯಿತ್ತು. ಈ ಜೀವಸತ್ವವು ಸಸ್ಯಾಹಾರದಲ್ಲಿ ಹಾಲು-ಮೊಸರಿನಿಂದ ಮಾತ್ರ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆಗಳನ್ನು ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವವರಲ್ಲಿಯೂ ಅದು ಕಡಿಮೆಯಾಗಬಹುದು. ನಮ್ಮ ಸಮಾಜದ ಹಿರಿಯರೆಲ್ಲ ಒಮ್ಮೆ ಇದನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಔಷಧಿಯ ಬಿ-12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುವಂಥದು, ಅದಕ್ಕಾಗಿ ಪಶುವಧೆಯಿಲ್ಲ. ಆದರೆ ಕ್ಯಾಪ್ಸೂಲಿನ ಹೊರಕವಚ ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಾಟಿನ್ ಆಗಿರುತ್ತದೆ. ಗುಳಿಗೆಯ ರೂಪದ್ದನ್ನೋ ಸಸ್ಯಮೂಲದ ಕವಚದ್ದನ್ನೋ ಕೊಡಿರೆಂದು ಕೇಳಿದರೆ ಔಷಧಿ ಅಂಗಡಿಯವರು ಹುಡುಕಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಸೆಳೆತಕ್ಕೆ ಹಿಂದೆ ಕ್ವಿನೈನ್ ಗುಳಿಗೆ ಕೊಡುವ ರೂಢಿಯಿತ್ತು. ನಾನೂ ಅದನ್ನೇ ಕೇಳಿದೆ. ವೈದ್ಯರು ಕೊಡಲಿಲ್ಲ. ಅಪರೂಪಕ್ಕಾದರೂ ಅದು ರಕ್ತಕ್ಕೆ ಮತ್ತು ಹೃದಯದ ಬಡಿತಕ್ಕೆ ಮಾರಕ ತೊಂದರೆ ತರಬಲ್ಲದೆಂದು ವಿವರಿಸಿದರು. ಮೆಗ್ನೀಸಿಯಂ ಬಗೆಗೂ ವೃದ್ಧರ ಸೆಳೆತದಲ್ಲಿ ಅದರ ಗುಣ ಸಿದ್ಧವಾಗಿಲ್ಲವೆಂದರು. ರಕ್ತದೊತ್ತಡಕ್ಕಾಗಿ ನಾನು ತೆಗೆದುಕೊಳ್ಳುತ್ತಿದ್ದ ಮೂತ್ರ ಹೆಚ್ಚಿಸುವ ಗುಳಿಗೆಯು ಸೆಳೆತಕ್ಕೆ ಸಹಾಯಕವಾಗಿರಬಹುದೆಂದು ಅದನ್ನು ಬದಲಾಯಿಸಿದರು. ಇಂಥ ಬದಲಾವಣೆಯನ್ನು ಯಾರೂ ತಾವಾಗಿಯೇ ಮಾಡಿಕೊಳ್ಳಬಾರದು.

ಕೊನೆಯಲ್ಲಿ ನೀರಿನ ಮಾತು ಬಂತು. ಐವತ್ತನೆಯ ವರ್ಷದಿಂದ ನನಗೆ ಸೂರ್ಯಾಸ್ತದ ನಂತರ ಚತುರ್ವಿಧಾಹಾರದ ತ್ಯಾಗವಿದೆ, ನೀರೂ ಇಲ್ಲ. ವ್ರತವನ್ನು ಬಿಡಬೇಕಾದೀತೇ ಎಂದು ಅಳುಕಿದೆ. ವೈದ್ಯರು ಹಗಲು ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಗಾದಿ ಬಿಟ್ಟು ಏಳಬೇಕಾದೀತೆಂಬ ಒಂದೇ ಕಾರಣಕ್ಕೆ ನಾನು ಅಂಗಡಿಯಲ್ಲಿ ನೀರು ಕುಡಿಯುತ್ತಲೇ ಇರಲಿಲ್ಲ. ಆದುದರಿಂದ ನನ್ನ ಕೊರತೆಗೆ ಕಾರಣವಾದದ್ದು ವ್ಯಾಪಾರದ ಲೋಭ, ವ್ರತವಲ್ಲ. ಈಗ ಸೋಸಿ ಕಾಯಿಸಿದ ನೀರಿನ ತಂಬಿಗೆ ಗಾದಿಯ ಪಕ್ಕದಲ್ಲಿಯೇ ಇರುತ್ತದೆ. ಗುಳಿಗೆಯನ್ನು ಸಂಜೆಯ ಊಟದ ಜೊತೆಗೆ, ಹೊತ್ತು ಮುಳುಗುವ ಮೊದಲೇ ತೆಗೆದುಕೊಳ್ಳಲು ವೈದ್ಯರು ಒಪ್ಪಿದರು. ಆದರೆ ಹೃದ್ರೋಗ, ಸಕ್ಕರೆ ಕಾಯಿಲೆಗಳಿರುವವರು ವೈದ್ಯರಿಗೂ ಗುರುಗಳಿಗೂ ತಿಳಿಸದೆ ಔಷಧಿಯ ವೇಳೆಯನ್ನಾಗಲಿ ವ್ರತದ ನಿಯಮವನ್ನಾಗಲಿ ತಾವೇ ನಿರ್ಧರಿಸಬಾರದು. ವ್ರತವನ್ನು ಶಕ್ತಿಯನ್ನರಿತು ತೆಗೆದುಕೊಳ್ಳಬೇಕೆಂಬುದು ಗುರುಗಳೇ ಹೇಳುವ ಮಾತು.

ಹೆಂಡತಿಯದು ಮಣಕಾಲಿನ ಸಂಧಿಯ ಸವೆತ. ನೆಲದ ಮೇಲೆ ಮಡಚಿ ಕೂರುವುದನ್ನು ಕಡಿಮೆ ಮಾಡಲು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಲು ಹೇಳಿದರು. "ಎರಡು ವರ್ಷ ಏಕೆ ಸುಮ್ಮನಿದ್ದಿರಿ ತಾಯಿ?" ಎಂದು ವೈದ್ಯರು ಕೇಳಿದಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು ಎನಿಸಿತು.

ಈಗಿನ ನಮ್ಮ ರಾತ್ರಿಯ ಕ್ರಮ ಹೀಗಿದೆ. ಮಲಗುವ ಮುನ್ನ ಗೋಡೆಗೆ ಎರಡು ಮಾರು ದೂರದಲ್ಲಿ ನಿಲ್ಲದೆ, ಕೈಚಾಚಿದಷ್ಟು ಅಂತರದಲ್ಲಿ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮುಂದಕ್ಕೆ ಬಾಗುತ್ತೇನೆ. ಮೀನಖಂಡ ಹಿತವಾಗಿ ಎಳೆದಂತಾಗಬೇಕು. ಹತ್ತು ಉಸಿರಿನಷ್ಟು ಹೊತ್ತು, ಪ್ರತಿ ಕಾಲಿಗೆ ಮೂರು ಸಲ. ನೆದರ್ಲೆಂಡ್ಸ್ ದೇಶದಲ್ಲಿ 55 ವರ್ಷ ದಾಟಿದ 80 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಆರು ವಾರ ಮಲಗುವ ಮುನ್ನ ಹೀಗೆ ಕಾಲಿನ ಸ್ನಾಯುಗಳನ್ನು ಎಳೆದವರಲ್ಲಿ ಸೆಳೆತಗಳು ಕಡಿಮೆಯಾದವೆಂದು ಕಂಡುಬಂದಿದೆ. ಕೌದಿಯನ್ನು ಪಾದದ ಬಳಿ ಬಿಗಿಯಾಗಿ ಸಿಕ್ಕಿಸುವುದಿಲ್ಲ. ಬಿಗಿದರೆ ಬೆರಳುಗಳು ಕೆಳಕ್ಕೆ ಬಾಗಿ ಸೆಳೆತಕ್ಕೆ ಅನುಕೂಲವಾಗುತ್ತದೆ. ನೂಲಿನ ಕಾಲುಚೀಲ ಹಾಕಿಕೊಳ್ಳುತ್ತೇನೆ. ಸೆಳೆತ ಬಂದರೆ ಕೂಗುವ ಬದಲು ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುತ್ತೇನೆ, ಇಲ್ಲವೇ ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೊತ್ತುತ್ತೇನೆ. ಒಂದು ನಿಮಿಷದೊಳಗೆ ಗಂಟು ಸಡಿಲುತ್ತದೆ.

ಎರಡು ಎಚ್ಚರಿಕೆಗಳು. ಪಾದದ ಸ್ಪರ್ಶಜ್ಞಾನ ಕುಂದಿದವರು ಬಿಸಿನೀರಿನ ಚೀಲವನ್ನು ಇಟ್ಟುಕೊಂಡು ಮಲಗಬಾರದು. ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬಾರದು. ಅದರಿಂದೇಳುವ ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ರೆಯಲ್ಲಿಯೇ ಪ್ರಾಣ ಹೋಗುತ್ತದೆ. ಇರುಳಿನ ಬೆಂಕಿಗೆ ಬಂದು ಬೀಳುವ ಕ್ಷುದ್ರಜಂತುಗಳ ಹಿಂಸೆಯನ್ನು ಬಲ್ಲ ನಮಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ನೋವು ಪೂರ್ಣವಾಗಿ ಹೋಗಿಲ್ಲ. ಪುಷ್ಯದ ಕೆಲವು ರಾತ್ರಿಗಳಲ್ಲಿ ಈಗಲೂ ಬರುತ್ತದೆ. ಉಳಿದ ನೋವನ್ನು ಏನು ಮಾಡಬೇಕು ಎಂಬಲ್ಲಿ ಧರ್ಮದ ನಿಜವಾದ ಕೆಲಸ ಆರಂಭವಾಗುತ್ತದೆ ಎಂದು ನನಗೆ ತೋರುತ್ತದೆ. ಪ್ರತೀಕಾರವನ್ನು ಮಾಡಿದ ಮೇಲೆ ಉಳಿಯುವುದನ್ನು ಸಮತೆಯಿಂದ ಸಹಿಸುವುದು ಶ್ರಾವಕನಿಗೂ ಸಾಧ್ಯ. ನಾನು ಪಂಚನಮಸ್ಕಾರವನ್ನು ಮನಸ್ಸಿನಲ್ಲಿಯೇ ಜಪಿಸುತ್ತ ಅನಿತ್ಯಾನುಪ್ರೇಕ್ಷೆಯನ್ನು ಚಿಂತಿಸಲು ಯತ್ನಿಸುತ್ತೇನೆ. ಸೆಳೆತ ಹುಟ್ಟುತ್ತದೆ, ಏರುತ್ತದೆ, ಇಳಿಯುತ್ತದೆ. ಅದನ್ನು ತಿಳಿಯುವ ಆತ್ಮ ಬೇರೆ, ಬಿಗಿಯುವ ಸ್ನಾಯು ಬೇರೆ. ಈ ಭೇದವಿಜ್ಞಾನದ ಮಾತನ್ನು ಹಗಲು ಹೇಳುವುದು ಸುಲಭ. ಇರುಳು ಎರಡು ಗಂಟೆಗೆ ಅದು ಹತ್ತರಲ್ಲಿ ಎರಡು ಸಲ ನನಗೆ ಒದಗಿದರೆ ಹೆಚ್ಚು. ಉಳಿದ ಎಂಟು ಸಲ ಹಲ್ಲು ಕಚ್ಚಿ ನಿಲ್ಲುತ್ತೇನೆ, ಅಷ್ಟೇ. ಆದರೆ ಕೂಗುವುದಿಲ್ಲ.

ಹಾಗೆ ನಿಂತಿರುವಾಗ ಹೊರಗಿನ ಸದ್ದು ಕೇಳಿಸುತ್ತದೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಇದೇ ಚಳಿಗಾಲ. ಇಡೀ ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತವೆ. ಕಬ್ಬು ಕಡಿಯಲು ಮರಾಠವಾಡದ ಕಡೆಯಿಂದ ಬಂದ ಗುಂಪುಗಳು ಹೊಲದಂಚಿನ ಗುಡಿಸಲುಗಳಲ್ಲಿ ಮಲಗಿ, ನಸುಕಿಗೂ ಮೊದಲೇ ಎದ್ದು ಮಂಜಿನಲ್ಲಿ ಕತ್ತಿ ಹಿಡಿಯುತ್ತವೆ. ಅವರಲ್ಲಿ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ನಾಲ್ಕು ದಶಕ ಈ ಸದ್ದನ್ನು ಕೇಳುತ್ತ ನಿದ್ರೆ ಮಾಡಿದ್ದೆ. ಈಗ ಅದು ಕೇಳಿದಾಗಲೆಲ್ಲ ನನ್ನ ಹೆಂಡತಿಯ ಮಾತೇ ಕೇಳಿದಂತಾಗುತ್ತದೆ. ಅವರಿಗೂ ಕಾಲುಗಳಿವೆ.

ನನ್ನ ಅಂಗಡಿಯ ಹಮಾಲನಿಗೂ ಇವೆ. ಮೂವತ್ತು ವರ್ಷ ನನ್ನ ಚೀಲಗಳನ್ನು ಹೊತ್ತವನು. ಒಂದು ದಿನ ಕೇಳಿದೆ, ರಾತ್ರಿ ಕಾಲು ನೋಯುತ್ತವೆಯೇ ಎಂದು. "ನೋಯದೆ ಏನ್ರಿ ಸಾವಕಾರ" ಎಂದು ನಕ್ಕ. ಮೂವತ್ತು ವರ್ಷಗಳಲ್ಲಿ ಇದನ್ನು ಮೊದಲ ಸಲ ಕೇಳಿದ್ದೆ. ಅವನನ್ನು ಅದೇ ವೈದ್ಯರಿಗೆ ತೋರಿಸಿದೆವು. ಅವನ ಕಾಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗಿದ್ದವು, ಚಿಕಿತ್ಸೆ ನಡೆದಿದೆ. ಅಂಗಡಿಯಲ್ಲಿ ಅವನಿಗೆ ಕೂರಲು ಒಂದು ಬಾಕು, ಕಾಲು ಎತ್ತರಿಸಿಡಲು ಒಂದು ಸ್ಟೂಲು ಇಟ್ಟಿದ್ದೇನೆ. ಇದನ್ನು ದಾನವೆಂದು ಬರೆಯುತ್ತಿಲ್ಲ. ಬಹಳ ಕಾಲದ ಬಾಕಿ, ತಡವಾಗಿ ಸಂದಾಯವಾಯಿತು. ಸಾತಾ ವೇದನೀಯಕ್ಕೆ ಕಾರಣಗಳನ್ನು ಹೇಳುವ ಸೂತ್ರದಲ್ಲಿ ಪ್ರಾಣಿಗಳ ಮೇಲಿನ ಅನುಕಂಪೆಯೇ ಮೊದಲು ಬರುತ್ತದೆ, ಕ್ಷಮೆ ಆಮೇಲೆ ಬರುತ್ತದೆ. ನನ್ನ ಜೀವನದಲ್ಲಿ ಎರಡೂ ನೋವಿನ ದಾರಿಯಿಂದಲೇ ಬರಬೇಕಾಯಿತು.

ಶಾಸ್ತ್ರದ ವಿಷಯದಲ್ಲಿ ನನ್ನ ಅಲ್ಪಮತಿಯಿಂದ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ವೈದ್ಯದ ವಿಷಯದಲ್ಲಿ ಓದುಗರು ನನ್ನ ಮಾತನ್ನೇ ಕೊನೆಯದೆಂದು ತಿಳಿಯದೆ ತಮ್ಮ ವೈದ್ಯರನ್ನು ಕೇಳಬೇಕು. ಹಾಗೆ ಹೋಗುವಾಗ ಮನೆಯಲ್ಲಿರುವವರನ್ನೂ ಒಂದು ಮಾತು ಕೇಳಿ, ಜೊತೆಗೆ ಕರೆದುಕೊಂಡು ಹೋಗಬೇಕೆಂಬುದೊಂದೇ ನನ್ನ ವಿನಂತಿ.

ನಿನ್ನೆ ರಾತ್ರಿಯೂ ಸೆಳೆತ ಬಂದಿತ್ತು. ಸದ್ದಾಗದಂತೆ ಎದ್ದು ಗೋಡೆಯ ಬಳಿ ಹೋದೆ. ಸ್ವಲ್ಪ ಹೊತ್ತಿಗೆ ಅವಳೂ ಎದ್ದು ಬಂದು ಇನ್ನೊಂದು ಪಕ್ಕದಲ್ಲಿ ಗೋಡೆಗೆ ಕೈಯಾನಿಸಿ ನಿಂತಳು. "ನಿಮ್ಮದ ಎಡಗಾಲೇನ್ರಿ?" ಎಂದು ಕೇಳಿದಳು. ಹೌದೆಂದೆ. ನಿನ್ನದು ಎಂದು ಕೇಳಿದೆ. "ನಂದ ಎರಡೂ" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಮಲಗಿದೆವು.